ಕ್ರಿಮಿನಲ್ ಜಸ್ಟಿಸ್ ಡಿಗ್ರಿ: ಅಮೆರಿಕದಲ್ಲಿ ಯಾವ ಕಾಲೇಜು ಯಾರಿಗೆ ಸರಿ?

ಶಿಕಾಗೋ ಸುತ್ತಮುತ್ತ ವೆಸ್ಟ್‌ವುಡ್ ಅನ್ನುವ ಕಾಲೇಜಿನ ಕ್ಯಾಂಪಸ್‌ಗಳಿದ್ದವು. ಲಾಭಕ್ಕಾಗಿ ನಡೆಸುವ ಖಾಸಗಿ ಸಂಸ್ಥೆ ಅದು. ಕ್ರಿಮಿನಲ್ ಜಸ್ಟಿಸ್, ಅಂದರೆ ಪೊಲೀಸ್, ಕೋರ್ಟು, ಜೈಲು ವ್ಯವಸ್ಥೆಯ ಬಗ್ಗೆ, ಓದಿದರೆ ಪೊಲೀಸ್ ಕೆಲಸ ಸಿಗುತ್ತದೆ ಎಂದು ನಂಬಿಸಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿದೆ ಎಂದು ಇಲಿನಾಯ್ಸ್ ರಾಜ್ಯದ ಅಟಾರ್ನಿ ಜನರಲ್ 2012ರಲ್ಲಿ ಕೇಸು ಹಾಕಿದರು. ತಕರಾರು ಇಷ್ಟೇ: ಆ ಕಾಲೇಜಿಗಿದ್ದ ಮಾನ್ಯತೆಯನ್ನು ಇಲಿನಾಯ್ಸ್ ಸ್ಟೇಟ್ ಪೊಲೀಸ್ ಒಪ್ಪುತ್ತಿರಲಿಲ್ಲ. ಶಿಕಾಗೋ ಸುತ್ತಲಿನ ಬಹಳಷ್ಟು ಊರುಗಳ ಪೊಲೀಸ್ ಇಲಾಖೆಗಳೂ ಒಪ್ಪುತ್ತಿರಲಿಲ್ಲ. 2015ರಲ್ಲಿ ರಾಜಿಯಾಯಿತು. ಆ ಕೋರ್ಸಿನ ವಿದ್ಯಾರ್ಥಿಗಳಿಗೆ ಕೊಟ್ಟಿದ್ದ 1.5 ಕೋಟಿ ಡಾಲರ್ ಖಾಸಗಿ ಸಾಲವನ್ನು ಕಾಲೇಜು ಮನ್ನಾ ಮಾಡಿತು. ಮರುವರ್ಷ ಕಾಲೇಜೇ ಮುಚ್ಚಿತು. 2022ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ವೆಸ್ಟ್‌ವುಡ್‌ನಲ್ಲಿ ಓದಿದ್ದ ಸುಮಾರು 79,000 ಜನರ 150 ಕೋಟಿ ಡಾಲರ್ ಸಾಲವನ್ನು ರದ್ದು ಮಾಡಿತು. ಸಾಲವೇನೋ ಹೋಯಿತು. ಕಳೆದುಹೋದ ವರ್ಷಗಳನ್ನು ಯಾರು ತಂದುಕೊಡುತ್ತಾರೆ?

ಮಿನ್ನೆಸೋಟದ್ದೂ ಇಂಥದ್ದೇ ಕಥೆ. ಗ್ಲೋಬ್ ಯೂನಿವರ್ಸಿಟಿ ಮತ್ತು ಮಿನ್ನೆಸೋಟ ಸ್ಕೂಲ್ ಆಫ್ ಬಿಸಿನೆಸ್ ಎಂಬ ಎರಡು ಸಂಸ್ಥೆಗಳು ತಮ್ಮ ಕ್ರಿಮಿನಲ್ ಜಸ್ಟಿಸ್ ಕೋರ್ಸಿನ ಬಗ್ಗೆ ವಿದ್ಯಾರ್ಥಿಗಳ ದಾರಿ ತಪ್ಪಿಸಿವೆ ಎಂದು 2016ರಲ್ಲಿ ಅಲ್ಲಿನ ಕೋರ್ಟು ಹೇಳಿತು. ಆ ರಾಜ್ಯದಲ್ಲಿ ಪೊಲೀಸ್ ಆಗಲು ರಾಜ್ಯದ ಪೊಲೀಸ್ ಮಂಡಳಿ ಒಪ್ಪಿದ ಕಾಲೇಜಿನಲ್ಲೇ ಓದಿರಬೇಕಿತ್ತು. ಈ ಸಂಸ್ಥೆಗಳಿಗೆ ಆ ಒಪ್ಪಿಗೆ ಇರಲಿಲ್ಲ.

ಎರಡೂ ಕಡೆ ಕೋರ್ಸು ಇತ್ತು, ಮೇಷ್ಟ್ರು ಇದ್ದರು, ಪ್ರಮಾಣಪತ್ರವೂ ಸಿಗುತ್ತಿತ್ತು. ಆದರೆ ಕೆಲಸ ಕೊಡುವವರು ಆ ಪ್ರಮಾಣಪತ್ರ ಒಪ್ಪುತ್ತಾರಾ ಎಂಬ ಒಂದು ಪ್ರಶ್ನೆಯನ್ನು ಸೇರುವ ಮೊದಲು ಇಲಾಖೆಗೇ ಫೋನ್ ಮಾಡಿ ಕೇಳಬೇಕಿತ್ತು. ಕಾಲೇಜು ಹೋಲಿಸುವುದನ್ನು ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಮೊದಲು ಕೆಲಸ, ಆಮೇಲೆ ಆ ಕೆಲಸಕ್ಕೆ ಬೇಕಾದ ಓದು, ಕೊನೆಗೆ ಕಾಲೇಜು. ಬಹಳ ಜನ ಇದನ್ನು ತಿರುಗಿಸಿ ಮಾಡುತ್ತಾರೆ. ಚೆಂದದ ಕ್ಯಾಂಪಸ್ ನೋಡಿ ಸೇರಿ, ಕೊನೆಯ ವರ್ಷದಲ್ಲಿ ಕೆಲಸದ ನಿಯಮ ಓದುತ್ತಾರೆ.

ಯಾವ ಕೆಲಸಕ್ಕೆ ಎಂಥ ಓದು

ಪೊಲೀಸ್ ಕೆಲಸದಿಂದ ಶುರು ಮಾಡೋಣ. ಅಮೆರಿಕದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ಊರಿನದು, ಕೌಂಟಿ (ಜಿಲ್ಲೆ) ಶೆರಿಫ್‌ದು, ರಾಜ್ಯದ್ದು, ಕೇಂದ್ರದ್ದು, ಹೀಗೆ. ಕನಿಷ್ಠ ಓದು ಒಂದೊಂದು ಕಡೆ ಒಂದೊಂದು ಥರ. ಬಹಳ ಕಡೆ ಹೈಸ್ಕೂಲ್ ಸಾಕು. ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆ ಮೊದಲು 60 ಕಾಲೇಜು ಕ್ರೆಡಿಟ್ (ಮುಗಿಸಿದ ಪಾಠಗಳ ಅಳತೆ) ಕೇಳುತ್ತಿತ್ತು. 2025ರಲ್ಲಿ ಜನ ಸಾಲದೆ ಅದನ್ನು 24ಕ್ಕೆ ಇಳಿಸಿತು. ಕ್ಯಾಲಿಫೋರ್ನಿಯಾದಲ್ಲಿ ಈಗ ಪೊಲೀಸ್ ಆಗಲು 21 ವರ್ಷ ತುಂಬಿರಬೇಕು. ಅಂದರೆ 18ಕ್ಕೆ ಹೈಸ್ಕೂಲ್ ಮುಗಿಸಿದವರ ಕೈಯಲ್ಲಿ ಹೇಗೂ ಮೂರು ವರ್ಷ ಉಳಿಯುತ್ತದೆ. ಆ ಸಮಯದಲ್ಲಿ ಓದುವುದೇ ವಾಸಿ ಅಲ್ವಾ?

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಡಿಗ್ರಿ ಬೇರೆ, ಪೊಲೀಸ್ ಅಕಾಡೆಮಿ ಬೇರೆ. ನಾಲ್ಕು ವರ್ಷ ಕ್ರಿಮಿನಲ್ ಜಸ್ಟಿಸ್ ಓದಿದರೂ ಅಕಾಡೆಮಿಯ ತರಬೇತಿ ತಪ್ಪುವುದಿಲ್ಲ. ಬಹಳ ಇಲಾಖೆಗಳು ಮೊದಲು ಕೆಲಸಕ್ಕೆ ತೆಗೆದುಕೊಂಡು, ಸಂಬಳ ಕೊಟ್ಟೇ ಅಕಾಡೆಮಿಗೆ ಕಳಿಸುತ್ತವೆ. ಕೆಲವು ಕಮ್ಯುನಿಟಿ ಕಾಲೇಜುಗಳಲ್ಲಿ (ಎರಡು ವರ್ಷದ ಡಿಗ್ರಿ ಕೊಡುವ ಸ್ಥಳೀಯ ಸರ್ಕಾರಿ ಕಾಲೇಜು) ಅಕಾಡೆಮಿಯೇ ಇದೆ. ಅಂಥ ಕಡೆ ಅಕಾಡೆಮಿಯ ತರಬೇತಿ ಡಿಗ್ರಿಯ ಕ್ರೆಡಿಟ್ಟಿಗೂ ಲೆಕ್ಕಕ್ಕೆ ಬರುತ್ತದಾ ಎಂದು ಕೇಳಿ. ಬಂದರೆ ಒಳ್ಳೆಯ ಉಳಿತಾಯ.

ಹಾಗಾದರೆ ಪೊಲೀಸ್ ಕೆಲಸಕ್ಕೆ ಡಿಗ್ರಿ ಯಾಕೆ? ಬಡ್ತಿಗೆ. ಕೆಲವು ಕಡೆ ಸಂಬಳಕ್ಕೂ. ಮ್ಯಾಸಚೂಸೆಟ್ಸ್‌ನಲ್ಲಿ 1970ರ ಕ್ವಿನ್ ಕಾಯ್ದೆಯ ಪ್ರಕಾರ ಎರಡು ವರ್ಷದ ಡಿಗ್ರಿಗೆ ಶೇ 10, ಬ್ಯಾಚುಲರ್ ಡಿಗ್ರಿಗೆ ಶೇ 20, ಮಾಸ್ಟರ್ಸ್‌ಗೆ ಶೇ 25ರಷ್ಟು ಹೆಚ್ಚುವರಿ ಸಂಬಳ ಸಿಗುತ್ತಿತ್ತು. ಅದಕ್ಕೆಂದೇ ಸುಲಭದ ಕೋರ್ಸುಗಳು ಹುಟ್ಟಿಕೊಂಡು, ಕೊನೆಗೆ ರಾಜ್ಯವೇ ಕೋರ್ಸುಗಳ ಗುಣಮಟ್ಟ ನೋಡಿ ಒಪ್ಪಿಗೆ ಕೊಡಬೇಕಾಯಿತು. 2009ರ ಜುಲೈ ನಂತರ ಸೇರಿದವರಿಗೆ ಆ ಕಾಯ್ದೆಯ ಲಾಭ ಇಲ್ಲ. ಆದರೆ ಓದಿಗೆ ಹೆಚ್ಚು ಸಂಬಳ ಕೊಡುವ ಪದ್ಧತಿ ಬೇರೆ ಬೇರೆ ರೂಪದಲ್ಲಿ ಅನೇಕ ಕಡೆ ಇದೆ.

ಪ್ರೊಬೇಷನ್ ಅಧಿಕಾರಿ (ಕೋರ್ಟು ಜೈಲಿಗೆ ಹಾಕದೆ ಬಿಟ್ಟವರ ಮೇಲೆ ನಿಗಾ ಇಡುವವರು) ಆಗಬೇಕು ಅನ್ನುವವರಿಗೆ ಲೆಕ್ಕ ಸ್ವಲ್ಪ ನೇರ. ಸಾಮಾನ್ಯವಾಗಿ ಬ್ಯಾಚುಲರ್ ಡಿಗ್ರಿ ಬೇಕೇ ಬೇಕು. ಫೆಡರಲ್ ಪ್ರೊಬೇಷನ್ ಕೆಲಸಕ್ಕೆ ಒಪ್ಪುವ ವಿಷಯಗಳ ಸಾಲಿನಲ್ಲಿ ಕ್ರಿಮಿನಲ್ ಜಸ್ಟಿಸ್, ಕ್ರಿಮಿನಾಲಜಿ (ಅಪರಾಧ ಶಾಸ್ತ್ರ), ಸೈಕಾಲಜಿ, ಸೋಷಿಯಾಲಜಿ ಎಲ್ಲ ಇವೆ. ಈ ಡಿಗ್ರಿಯ ಹೆಸರೇ ಕೆಲಸಕ್ಕೆ ಬರುವ ಕೆಲವೇ ಜಾಗಗಳಲ್ಲಿ ಇದೂ ಒಂದು. ಜನ ಪೊಲೀಸ್ ಕೆಲಸದ ಬಗ್ಗೆ ಕೇಳುವಷ್ಟು ಇದರ ಬಗ್ಗೆ ಕೇಳುವುದಿಲ್ಲ. ತಪ್ಪು ಮಾಡಿದವರ ಜೊತೆ ಕೂತು ಮಾತಾಡಿ ದಾರಿಗೆ ತರುವ ಕೆಲಸ ಇಷ್ಟವಿದ್ದರೆ ನೋಡಬೇಕಾದದ್ದೇ ಇದು.

ಎಫ್‌ಬಿಐ ಕನಸಿನವರು ಜಾಸ್ತಿ. ಅವರಿಗೆ ಒಂದು ನಿರಾಸೆಯ ಮಾತು: ಸ್ಪೆಷಲ್ ಏಜೆಂಟ್ ಆಗಲು ಕ್ರಿಮಿನಲ್ ಜಸ್ಟಿಸ್ ಡಿಗ್ರಿಯೇ ಆಗಬೇಕು ಅಂತೇನಿಲ್ಲ. ಮಾನ್ಯತೆ ಇರುವ ಕಾಲೇಜಿನ ಯಾವುದೇ ಬ್ಯಾಚುಲರ್ ಡಿಗ್ರಿ ನಡೆಯುತ್ತದೆ. ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಕೆಲಸದ ಅನುಭವ ಬೇಕು. ಮಾಸ್ಟರ್ಸ್ ಮಾಡಿದ್ದರೆ ಒಂದು ವರ್ಷ ಸಾಕು. ವಯಸ್ಸು 23ರಿಂದ 36ರೊಳಗೆ ಇರಬೇಕು. ಅಕೌಂಟಿಂಗ್, ಕಂಪ್ಯೂಟರ್, ಕಾನೂನು, ಬೇರೆ ಭಾಷೆ ಗೊತ್ತಿದ್ದವರನ್ನು ಅವರೇ ಹುಡುಕುತ್ತಾರೆ. ನಿಮ್ಮ ಮಗನಿಗೆ ಲೆಕ್ಕದಲ್ಲಿ ಆಸಕ್ತಿ ಇದ್ದು ಎಫ್‌ಬಿಐ ಆಸೆಯೂ ಇದ್ದರೆ ಅಕೌಂಟಿಂಗ್ ಮೇಜರ್ (ಮುಖ್ಯ ವಿಷಯ), ಕ್ರಿಮಿನಲ್ ಜಸ್ಟಿಸ್ ಮೈನರ್ (ಉಪ ವಿಷಯ) ಮಾಡಲಿ. ಏಜೆಂಟ್ ಕೆಲಸ ಸಿಗದಿದ್ದರೂ ಕೈಯಲ್ಲಿ ಕಸುಬು ಇರುತ್ತದೆ.

ಫೊರೆನ್ಸಿಕ್ ಲ್ಯಾಬಿನ ಕೆಲಸಕ್ಕಂತೂ ಕ್ರಿಮಿನಲ್ ಜಸ್ಟಿಸ್ ಓದುವುದು ಸುತ್ತು ದಾರಿ. ಅಲ್ಲಿ ಬೇಕಾದ್ದು ಕೆಮಿಸ್ಟ್ರಿ, ಬಯಾಲಜಿ. ಡಿಎನ್‌ಎ ಪರೀಕ್ಷೆ ಮಾಡುವವರು ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಮಾಲಿಕ್ಯುಲರ್ ಬಯಾಲಜಿ ಓದಿರಲೇಬೇಕು ಎಂದು ಎಫ್‌ಬಿಐನ ಗುಣಮಟ್ಟದ ನಿಯಮವೇ ಹೇಳುತ್ತದೆ. ಟಿವಿ ಧಾರಾವಾಹಿ ನೋಡಿ ಫೊರೆನ್ಸಿಕ್ ಅಂದುಕೊಂಡು, ಸೈನ್ಸ್ ಕಷ್ಟ ಅಂತ ಕ್ರಿಮಿನಲ್ ಜಸ್ಟಿಸ್ ಸೇರುವವರಿದ್ದಾರೆ. ಅವರು ಲ್ಯಾಬಿಗೆ ಹೋಗುವುದು ಕಷ್ಟ.

ವಕೀಲರಾಗಬೇಕು ಅನ್ನುವವರಿಗೆ ಒಂದೇ ಮಾತು. ಕಾನೂನು ಶಾಲೆಗಳಿಗೆ ಮಾನ್ಯತೆ ಕೊಡುವ ಅಮೆರಿಕನ್ ಬಾರ್ ಅಸೋಸಿಯೇಷನ್ ಇಂಥದ್ದೇ ಮೇಜರ್ ಓದಿ ಎಂದು ಹೇಳುವುದಿಲ್ಲ. ಓದುವುದು, ಬರೆಯುವುದು, ವಾದ ಕಟ್ಟುವುದು ಎಲ್ಲಿ ಚೆನ್ನಾಗಿ ಕಲಿಸುತ್ತಾರೋ ಅಲ್ಲಿಗೆ ಹೋಗಿ.

ಇನ್ನೊಂದು ಕೆಲಸದ ಹೆಸರು ಹೇಳಲೇಬೇಕು: ಕ್ರೈಂ ಅನಲಿಸ್ಟ್. ಸಮವಸ್ತ್ರ ಇಲ್ಲ, ಬಂದೂಕು ಇಲ್ಲ. ಯಾವ ಬೀದಿಯಲ್ಲಿ, ಯಾವ ಹೊತ್ತಿನಲ್ಲಿ ಕಳ್ಳತನ ಜಾಸ್ತಿ ಎಂದು ಅಂಕಿಅಂಶ, ನಕ್ಷೆ ಇಟ್ಟುಕೊಂಡು ಇಲಾಖೆಗೆ ತೋರಿಸುವವರು. ಕ್ರಿಮಿನಾಲಜಿ ಜೊತೆ ಸ್ಟ್ಯಾಟಿಸ್ಟಿಕ್ಸ್, ಡೇಟಾಬೇಸ್, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದು) ಕಲಿತವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಕಂಪ್ಯೂಟರ್ ಕೈಗೆ ಹತ್ತಿದ, ಆದರೆ ಸಾಫ್ಟ್‌ವೇರ್ ಬೇಡ ಅನ್ನುವ ಮಕ್ಕಳಿಗೆ ಇದನ್ನು ತೋರಿಸಿ.

ಸಂಬಳದ ಅಂದಾಜು ಬೇಕಲ್ವಾ? ಕೇಂದ್ರದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಲ್ಲಿ ವರ್ಷದ ಮಧ್ಯಮ ಸಂಬಳ (ಅರ್ಧ ಜನರಿಗೆ ಇದಕ್ಕಿಂತ ಹೆಚ್ಚು, ಅರ್ಧ ಜನರಿಗೆ ಕಡಿಮೆ) ಪೊಲೀಸ್ ಮತ್ತು ಪತ್ತೇದಾರರಿಗೆ ಸುಮಾರು 75,000 ಡಾಲರ್, ಫೊರೆನ್ಸಿಕ್ ತಂತ್ರಜ್ಞರಿಗೆ ಸುಮಾರು 65,000, ಪ್ರೊಬೇಷನ್ ಅಧಿಕಾರಿಗಳಿಗೆ ಸುಮಾರು 62,000. ಶುರುವಿನ ಸಂಬಳ ಇದಕ್ಕಿಂತ ಕಡಿಮೆ ಇರುತ್ತದೆ. ಕಾಲೇಜಿನ ಫೀಸು ನೋಡುವಾಗ ಈ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಕಮ್ಯುನಿಟಿ ಕಾಲೇಜಾ, ರಾಜ್ಯ ವಿಶ್ವವಿದ್ಯಾಲಯವಾ?

ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಪ್ರಕಟಿಸಿದ 2024–25ರ ಸರಾಸರಿ ಬೋಧನಾ ಶುಲ್ಕ ಹೀಗಿದೆ. ಕಮ್ಯುನಿಟಿ ಕಾಲೇಜಿನಲ್ಲಿ ಅದೇ ಜಿಲ್ಲೆಯವರಿಗೆ ವರ್ಷಕ್ಕೆ 4,050 ಡಾಲರ್. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಅದೇ ರಾಜ್ಯದವರಿಗೆ 11,610. ಬೇರೆ ರಾಜ್ಯದಿಂದ ಬಂದರೆ 30,780. ಲಾಭದ ಉದ್ದೇಶವಿಲ್ಲದ ಖಾಸಗಿ ಕಾಲೇಜಿನಲ್ಲಿ 43,350. ಊಟ, ವಸತಿ ಇದರಲ್ಲಿ ಸೇರಿಲ್ಲ.

75,000 ಡಾಲರಿನ ಆಸುಪಾಸಿನಲ್ಲಿ ನಿಲ್ಲುವ ಸಂಬಳಕ್ಕೆ ವರ್ಷಕ್ಕೆ 43,000 ಕೊಟ್ಟು ಓದಬೇಕಾ? ವಿದ್ಯಾರ್ಥಿವೇತನ ಸಿಗದಿದ್ದರೆ ಬೇಡ ಅನ್ನುವುದೇ ನನ್ನ ಉತ್ತರ. ಈ ವಿಷಯದಲ್ಲಿ ಹೆಚ್ಚಿನವರಿಗೆ ಸರಿಹೊಂದುವುದು ಎರಡು ವರ್ಷ ಕಮ್ಯುನಿಟಿ ಕಾಲೇಜು, ಆಮೇಲೆ ಎರಡು ವರ್ಷ ಸ್ವಂತ ರಾಜ್ಯದ ವಿಶ್ವವಿದ್ಯಾಲಯ. ಕೈಗೆ ಬರುವುದು ವಿಶ್ವವಿದ್ಯಾಲಯದ ಡಿಗ್ರಿಯೇ. ಶುರುವಿನ ಎರಡು ವರ್ಷ ಬೇರೆ ಕಡೆ ಓದಿದಿರಿ ಅಂದ ಮಾತ್ರಕ್ಕೆ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಆದರೆ ಈ ದಾರಿಯಲ್ಲಿ ಒಂದು ದೊಡ್ಡ ಗುಂಡಿ ಇದೆ. ಕಾಲೇಜು ಬದಲಿಸುವಾಗ ಕ್ರೆಡಿಟ್ ಕಳೆದುಹೋಗುತ್ತದೆ. ಹಾಗೆ ಬದಲಿಸಿದವರು ಸರಾಸರಿ ಶೇ 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು ಎಂದು ಕೇಂದ್ರದ ಲೆಕ್ಕಪತ್ರ ಸಂಸ್ಥೆ ಜಿಎಒ 2017ರಲ್ಲಿ ಅಂದಾಜು ಮಾಡಿತ್ತು. ಅದು 2004ರಿಂದ 2009ರವರೆಗಿನ ವಿದ್ಯಾರ್ಥಿಗಳ ಲೆಕ್ಕ. ಹೆಚ್ಚು ಕಳೆದುಕೊಂಡವರು ಲಾಭಕ್ಕಾಗಿ ನಡೆಸುವ ಕಾಲೇಜುಗಳಿಂದ ಬಂದವರು. ಸರ್ಕಾರಿ ಕಾಲೇಜಿನಿಂದ ಸರ್ಕಾರಿ ಕಾಲೇಜಿಗೆ ಹೋದವರ ನಷ್ಟ ಕಡಿಮೆ.

ಇದರಿಂದ ಪಾರಾಗಲು ಮೊದಲ ದಿನವೇ ನೋಡಬೇಕಾದ್ದು ಡಿಗ್ರಿಯ ಪೂರ್ತಿ ಹೆಸರು. ಕಮ್ಯುನಿಟಿ ಕಾಲೇಜಿನಲ್ಲಿ ಅಸೋಸಿಯೇಟ್ ಇನ್ ಆರ್ಟ್ಸ್, ಅಸೋಸಿಯೇಟ್ ಇನ್ ಸೈನ್ಸ್ ಎಂಬ ಡಿಗ್ರಿಗಳು ಮುಂದೆ ಓದುವವರಿಗೆಂದು ಇರುವವು. ಅಸೋಸಿಯೇಟ್ ಇನ್ ಅಪ್ಲೈಡ್ ಸೈನ್ಸ್ ನೇರ ಕೆಲಸಕ್ಕೆ ಹೋಗುವವರದ್ದು. ಅದರ ಎಷ್ಟೋ ಕ್ರೆಡಿಟ್ ವಿಶ್ವವಿದ್ಯಾಲಯದಲ್ಲಿ ನಡೆಯುವುದಿಲ್ಲ. ಕ್ರಿಮಿನಲ್ ಜಸ್ಟಿಸ್‌ನಲ್ಲಿ ಎರಡೂ ಬಗೆ ಇರುತ್ತವೆ, ಒಂದೇ ಕಾಲೇಜಿನಲ್ಲೇ ಇರಬಹುದು, ಪಾಠಗಳೂ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಸೇರುವ ಮೊದಲೇ ಕೇಳಿ.

ಕೆಲವು ರಾಜ್ಯಗಳು ಈ ದಾರಿಯನ್ನು ಚೆನ್ನಾಗಿ ಕಟ್ಟಿಟ್ಟಿವೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಈ ವಿಷಯಕ್ಕೆ ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್ ಅನ್ನುತ್ತಾರೆ. ಅದರಲ್ಲಿ ಟ್ರಾನ್ಸ್‌ಫರ್‌ಗೆಂದೇ ಇರುವ ಡಿಗ್ರಿ ಮುಗಿಸಿದರೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಸೀಟು ಖಾತ್ರಿ. ಆದರೆ ಯಾವ ಕ್ಯಾಂಪಸ್ ಎಂಬುದು ಖಾತ್ರಿಯಿಲ್ಲ. ನ್ಯೂಯಾರ್ಕ್ ನಗರದಲ್ಲಿ ಕ್ಯೂನಿ (ನಗರದ ಸರ್ಕಾರಿ ವಿಶ್ವವಿದ್ಯಾಲಯ) ಜಸ್ಟಿಸ್ ಅಕಾಡೆಮಿ ಎಂಬ ವ್ಯವಸ್ಥೆ ಇದೆ. ನಗರದ ಕಮ್ಯುನಿಟಿ ಕಾಲೇಜಿನಲ್ಲಿ ಶುರು ಮಾಡಿ ಜಾನ್ ಜೇ ಕಾಲೇಜಿನಲ್ಲಿ ಮುಗಿಸಬಹುದು.

ನೇರ ನಾಲ್ಕು ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವುದು ಯಾರಿಗೆ ಸರಿ? ಮುಂದೆ ಪಿಎಚ್‌ಡಿ ಯೋಚನೆ ಇರುವವರಿಗೆ, ಫೊರೆನ್ಸಿಕ್ ಸೈನ್ಸ್‌ನವರಿಗೆ, ಒಳ್ಳೆಯ ವಿದ್ಯಾರ್ಥಿವೇತನ ಸಿಕ್ಕವರಿಗೆ. ಫೊರೆನ್ಸಿಕ್‌ನಲ್ಲಿ ಕೆಮಿಸ್ಟ್ರಿ ಒಂದರ ಮೇಲೊಂದು ಬರುತ್ತದೆ. ಮೊದಲ ವರ್ಷದ ಒಂದು ಪಾಠ ತಪ್ಪಿದರೆ ಇಡೀ ವರ್ಷ ಹಿಂದೆ ಬೀಳಬಹುದು.

ಹೆಸರುವಾಸಿ ಕಾಲೇಜುಗಳು

ನ್ಯೂಯಾರ್ಕಿನ ಜಾನ್ ಜೇ ಕಾಲೇಜ್ ಆಫ್ ಕ್ರಿಮಿನಲ್ ಜಸ್ಟಿಸ್ 1964ರಲ್ಲಿ ಪೊಲೀಸರಿಗೆ ಓದಿಸಲೆಂದೇ ಶುರುವಾದದ್ದು. ಇಡೀ ಕಾಲೇಜು ಈ ವಿಷಯದ ಸುತ್ತಲೇ ಬೆಳೆದಿದೆ. ಫೊರೆನ್ಸಿಕ್ ಸೈನ್ಸ್, ಫೊರೆನ್ಸಿಕ್ ಸೈಕಾಲಜಿ ಎಲ್ಲ ಅಲ್ಲಿವೆ. ನ್ಯೂಯಾರ್ಕ್ ರಾಜ್ಯದವರಿಗೆ ಬೋಧನಾ ಶುಲ್ಕ ವರ್ಷಕ್ಕೆ 6,930 ಡಾಲರ್. ಆ ಊರಿನವರಿಗೆ ಇದಕ್ಕಿಂತ ಒಳ್ಳೆಯ ವ್ಯವಹಾರ ಹುಡುಕುವುದು ಕಷ್ಟ. ದೂರದ ರಾಜ್ಯದಿಂದ ಬಂದು ಮ್ಯಾನ್‌ಹ್ಯಾಟನ್‌ನಲ್ಲಿ ಬಾಡಿಗೆ ಕಟ್ಟಿ ಓದುವವರ ಲೆಕ್ಕ ಬೇರೆ.

ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಈ ಕೋರ್ಸು 1935ರಿಂದ ನಡೆಯುತ್ತಿದೆ. ಇಷ್ಟು ಹಳೆಯ ಕಡೆ ಹಳೆ ವಿದ್ಯಾರ್ಥಿಗಳ ಬಳಗ ದೊಡ್ಡದು. ಇಂಟರ್ನ್‌ಶಿಪ್ ಹುಡುಕುವಾಗ ಅದರ ಬೆಲೆ ಗೊತ್ತಾಗುತ್ತದೆ.

ಟೆಕ್ಸಸ್‌ನ ಸ್ಯಾಮ್ ಹ್ಯೂಸ್ಟನ್ ಸ್ಟೇಟ್ ಇರುವುದು ಹಂಟ್ಸ್‌ವಿಲ್‌ನಲ್ಲಿ. ರಾಜ್ಯದ ಜೈಲು ಇಲಾಖೆಯ ಕೇಂದ್ರ ಕಚೇರಿ ಅದೇ ಊರಿನಲ್ಲಿದೆ. ಹಳೆಯ ಹಂಟ್ಸ್‌ವಿಲ್ ಜೈಲು ಕ್ಯಾಂಪಸ್ಸಿಗೆ ಹತ್ತಿರ. ಜೈಲು, ಪೆರೋಲ್, ಪ್ರೊಬೇಷನ್ ಕಡೆ ಹೋಗುವವರಿಗೆ ಊರೇ ಪಾಠಶಾಲೆ ಇದ್ದ ಹಾಗೆ. ಟೆಕ್ಸಸ್‌ನ ಪೊಲೀಸ್ ಮುಖ್ಯಸ್ಥರಿಗೆ ತರಬೇತಿ ಕೊಡುವ ಸಂಸ್ಥೆಯೂ ಇದೇ ವಿಶ್ವವಿದ್ಯಾಲಯದಲ್ಲಿದೆ. ಟೆಕ್ಸಸ್‌ನಲ್ಲೇ ಕೆಲಸ ಮಾಡುವ ಮನಸ್ಸಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ಖಾಸಗಿ, ದುಬಾರಿ. ಆದರೆ ಅಲ್ಲಿ ಕೋ-ಆಪ್ ಇದೆ. ಓದಿನ ನಡುವೆ ಸುಮಾರು ಆರು ತಿಂಗಳು ಪೂರ್ಣಾವಧಿ ಕೆಲಸ. ಕೆಲಸದ ರುಚಿ ಓದುವಾಗಲೇ ಸಿಗುತ್ತದೆ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ಇನ್‌ಸೈಡ್-ಔಟ್ ಎಂಬ ಕಾರ್ಯಕ್ರಮ ಶುರುವಾಯಿತು. ಕಾಲೇಜಿನ ವಿದ್ಯಾರ್ಥಿಗಳು ಮತ್ತು ಕೈದಿಗಳು ಜೈಲಿನೊಳಗೆ ಒಟ್ಟಿಗೆ ಕೂತು ಪಾಠ ಕೇಳುತ್ತಾರೆ. ಈಗ ಬೇರೆ ಎಷ್ಟೋ ಕಾಲೇಜುಗಳೂ ಇದನ್ನು ನಡೆಸುತ್ತವೆ. ನೀವು ನೋಡುತ್ತಿರುವ ಕಾಲೇಜಿನಲ್ಲಿ ಇದೆಯಾ ಎಂದು ಕೇಳಿ. ಇಂಥ ಒಂದು ಸೆಮಿಸ್ಟರ್ ಹತ್ತು ಪಠ್ಯಪುಸ್ತಕ ಹೇಳದ್ದನ್ನು ಹೇಳುತ್ತದೆ.

ಮೇರಿಲ್ಯಾಂಡ್, ಆಲ್ಬನಿ, ಸಿನ್ಸಿನಾಟಿ, ಕ್ಯಾಲಿಫೋರ್ನಿಯಾದ ಅರ್ವೈನ್, ಫ್ಲೋರಿಡಾ ಸ್ಟೇಟ್ ಈ ವಿಶ್ವವಿದ್ಯಾಲಯಗಳೆಲ್ಲ ಸಂಶೋಧನೆಗೆ ಹೆಸರಾದವು. ಆಲ್ಬನಿಯ ಶಾಲೆ 1968ರಲ್ಲಿ ಶುರುವಾಗಿ, ಈ ವಿಷಯದಲ್ಲಿ ಪಿಎಚ್‌ಡಿ ಕೊಡಲು ಆರಂಭಿಸಿದ ಮೊದಲಿಗರ ಸಾಲಿನಲ್ಲಿದೆ. ಅಪರಾಧ ಯಾಕೆ ಆಗುತ್ತದೆ, ಯಾವ ಶಿಕ್ಷೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗಳು ತಲೆ ಕೊರೆಯುವವರಿಗೆ ಇವು ಹೊಂದುತ್ತವೆ. ನಾಳೆಯೇ ಗಸ್ತು ತಿರುಗಬೇಕು ಅನ್ನುವವರಿಗೆ ಬೇಸರ ಬರಬಹುದು.

ರ್‍ಯಾಂಕಿಂಗ್ ನೋಡುವವರಿಗೆ ಒಂದು ಎಚ್ಚರಿಕೆ. ಯುಎಸ್ ನ್ಯೂಸ್ ಪತ್ರಿಕೆಯ ಕ್ರಿಮಿನಾಲಜಿ ರ್‍ಯಾಂಕಿಂಗ್ ಪಿಎಚ್‌ಡಿ ಕೋರ್ಸುಗಳದ್ದು. ಅದನ್ನು ಮಾಡುವುದೂ ಬೇರೆ ಪ್ರೊಫೆಸರುಗಳ ಅಭಿಪ್ರಾಯ ಕೇಳಿ. ಬ್ಯಾಚುಲರ್ ಡಿಗ್ರಿಗೆ ಹೋಗುವವರು ಅದನ್ನು ಹಿಡಿದುಕೊಂಡು ಕಾಲೇಜು ಆರಿಸಿದರೆ ಪ್ರಯೋಜನ ಕಡಿಮೆ. ಪಟ್ಟಿಯಲ್ಲೇ ಇಲ್ಲದ ನಿಮ್ಮೂರ ಪಕ್ಕದ ಸ್ಟೇಟ್ ಕಾಲೇಜಿಗೆ ಅಲ್ಲಿನ ಶೆರಿಫ್ ಕಚೇರಿಯ ಜೊತೆ ಇರುವ ನಂಟು ದೂರದ ದೊಡ್ಡ ಹೆಸರಿಗೆ ಇರುವುದಿಲ್ಲ.

ಆನ್‌ಲೈನ್ ಓದು

ಈಗಾಗಲೇ ಪೊಲೀಸ್ ಕೆಲಸದಲ್ಲಿದ್ದು ಬಡ್ತಿಗೆ ಡಿಗ್ರಿ ಬೇಕಾದವರಿಗೆ ಆನ್‌ಲೈನ್ ಸರಿ. ಪಾಳಿ ಕೆಲಸ ಮಾಡುವವರು ತರಗತಿಗೆ ಹೋಗುವುದಾದರೂ ಹೇಗೆ? ಅರಿಜೋನಾ ಸ್ಟೇಟ್‌ನಂಥ ಸರ್ಕಾರಿ ವಿಶ್ವವಿದ್ಯಾಲಯಗಳೇ ಪೂರ್ತಿ ಆನ್‌ಲೈನ್ ಡಿಗ್ರಿ ಕೊಡುತ್ತವೆ. ಹಾಗಿರುವಾಗ ಹೆಸರು ಕೇಳಿರದ ಕಡೆ ಹೋಗುವ ಅಗತ್ಯವಿಲ್ಲ. 18 ವರ್ಷದ, ಯಾವ ಅನುಭವವೂ ಇಲ್ಲದ ಹುಡುಗ ಹುಡುಗಿಗೆ ಮಾತ್ರ ಪೂರ್ತಿ ಆನ್‌ಲೈನ್ ನಾನು ಹೇಳುವುದಿಲ್ಲ. ಈ ಕ್ಷೇತ್ರದಲ್ಲಿ ಮೊದಲ ಕೆಲಸ ಸಿಗುವುದು ಬಹಳ ಸಲ ಇಂಟರ್ನ್‌ಶಿಪ್ ಮಾಡಿದ ಕಡೆಯೇ. ಶಿಫಾರಸು ಪತ್ರ ಬರೆಯುವ ಮೇಷ್ಟ್ರಿಗೆ ನಿಮ್ಮ ಮುಖ ಪರಿಚಯ ಇರಬೇಕು.

ಮಾನ್ಯತೆ ಅಂದರೆ ಯಾವ ಮಾನ್ಯತೆ?

ಮೊದಲನೆಯದು ಇಡೀ ಕಾಲೇಜಿನ ಮಾನ್ಯತೆ. ಹೈಯರ್ ಲರ್ನಿಂಗ್ ಕಮಿಷನ್, ಮಿಡಲ್ ಸ್ಟೇಟ್ಸ್ ಕಮಿಷನ್ ಥರದ ಸಂಸ್ಥೆಗಳು ಕೊಡುವಂಥದ್ದು. ಮೊದಲು ಇವನ್ನು ಪ್ರಾದೇಶಿಕ ಎಂದೂ ಇನ್ನು ಕೆಲವನ್ನು ರಾಷ್ಟ್ರೀಯ ಎಂದೂ ಕರೆಯುತ್ತಿದ್ದರು. ಕೇಳಲು ರಾಷ್ಟ್ರೀಯವೇ ದೊಡ್ಡದು ಅನಿಸುತ್ತದೆ, ಆದರೆ ತೂಕ ಇದ್ದದ್ದು ಪ್ರಾದೇಶಿಕಕ್ಕೆ. ವೆಸ್ಟ್‌ವುಡ್ ವಿದ್ಯಾರ್ಥಿಗಳು ಬಿದ್ದದ್ದು ಇದೇ ಸಂದಿಯಲ್ಲಿ. 2020ರಿಂದ ಕೇಂದ್ರ ಸರ್ಕಾರ ತನ್ನ ನಿಯಮದಲ್ಲಿ ಈ ವ್ಯತ್ಯಾಸ ತೆಗೆದುಹಾಕಿದೆ. ಆದರೂ ಕ್ರೆಡಿಟ್ ಒಪ್ಪುವಾಗ ಎಷ್ಟೋ ಕಾಲೇಜುಗಳು, ಇಲಾಖೆಗಳು ಇನ್ನೂ ಹಳೆಯ ಪಟ್ಟಿಯನ್ನೇ ನೋಡುತ್ತವೆ. ಶಿಕ್ಷಣ ಇಲಾಖೆಯ ಡಾಪಿಪ್ (DAPIP) ಎಂಬ ಜಾಲತಾಣದಲ್ಲಿ ಕಾಲೇಜಿನ ಹೆಸರು ಹಾಕಿದರೆ ಮಾನ್ಯತೆ ಯಾರದ್ದು ಎಂದು ಐದು ನಿಮಿಷದಲ್ಲಿ ಸಿಗುತ್ತದೆ.

ಎರಡನೆಯದು ಕೋರ್ಸಿನ ಮಾನ್ಯತೆ. ಫೊರೆನ್ಸಿಕ್ ಸೈನ್ಸ್‌ಗೆ ಫೆಪ್ಯಾಕ್ (FEPAC) ಎಂಬ ಆಯೋಗದ ಮಾನ್ಯತೆ ಇದೆಯಾ ನೋಡಿ. ಅದು ಲ್ಯಾಬ್, ಸೈನ್ಸ್ ಪಾಠಗಳನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತದೆ. ಕ್ರಿಮಿನಲ್ ಜಸ್ಟಿಸ್ ಕೋರ್ಸಿಗೆ ಎಸಿಜೆಎಸ್ (ACJS) ಎಂಬ ಸಂಸ್ಥೆಯ ಪ್ರಮಾಣಪತ್ರ ಇದೆ. ಅದನ್ನು ಪಡೆದ ಕೋರ್ಸುಗಳು ಕಡಿಮೆ. ಇದ್ದರೆ ಸಂತೋಷ, ಇಲ್ಲದಿದ್ದರೆ ಚಿಂತೆಯಿಲ್ಲ. ಮೂರನೆಯದು ರಾಜ್ಯದ ಪೊಲೀಸ್ ಮಂಡಳಿಯ ಒಪ್ಪಿಗೆ. ಇದು ಕೆಲವು ರಾಜ್ಯಗಳಲ್ಲಿ ಮಾತ್ರ ಬೇಕು.

ಸಾಲ

ಎಫ್‌ಬಿಐಗೆ ಸೇರದಂತೆ ತಡೆಯುವ ಕಾರಣಗಳ ಪಟ್ಟಿಯಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸರ್ಕಾರದ ಖಾತರಿ ಇರುವ ವಿದ್ಯಾರ್ಥಿ ಸಾಲ ಕಟ್ಟದೆ ಸುಸ್ತಿದಾರರಾದರೆ ಅರ್ಜಿ ಅಲ್ಲಿಗೇ ಮುಗಿಯಿತು. ಎಫ್‌ಬಿಐ ಆಸೆಗೆ ದುಬಾರಿ ಕಾಲೇಜು ಸೇರಿ, ಆ ಸಾಲ ಕಟ್ಟಲಾಗದೆ ಎಫ್‌ಬಿಐ ಅವಕಾಶವನ್ನೇ ಕಳೆದುಕೊಳ್ಳಬಹುದು. ಪೊಲೀಸ್ ಇಲಾಖೆಗಳೂ ಹಿನ್ನೆಲೆ ಪರಿಶೀಲನೆಯಲ್ಲಿ ಸಾಲದ ಚರಿತ್ರೆ ನೋಡುತ್ತವೆ.

ಕಾಲೇಜಿನ ಜಾಲತಾಣದಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತದೆ. ಅದು ಇರಲೇಬೇಕು ಎಂಬುದು ಕೇಂದ್ರದ ನಿಯಮ. ವಿದ್ಯಾರ್ಥಿವೇತನ ಕಳೆದು ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಎಂಬ ಅಂದಾಜು ಅಲ್ಲಿ ಸಿಗುತ್ತದೆ. ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್‌ನಲ್ಲಿ ಕಾಲೇಜು ಮಾತ್ರವಲ್ಲ, ಅದರಲ್ಲಿ ಕ್ರಿಮಿನಲ್ ಜಸ್ಟಿಸ್ ಓದಿದವರ ಸಂಬಳ, ಸಾಲ ಎಷ್ಟು ಎಂದೂ ಬಹಳ ಕಡೆ ತೋರಿಸುತ್ತಾರೆ. ಎರಡು ಕಾಲೇಜು ಹೋಲಿಸಲು ಇಷ್ಟು ಒಳ್ಳೆಯ, ಬಿಟ್ಟಿ ಸಾಧನ ಇನ್ನೊಂದಿಲ್ಲ.

ವೀಸಾ, ಪೌರತ್ವ

ಭಾರತದಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗಿ ಕ್ರಿಮಿನಲ್ ಜಸ್ಟಿಸ್ ಓದುವ ಯೋಚನೆ ಇದ್ದರೆ ಸ್ವಲ್ಪ ನಿಲ್ಲಿ. ಎಫ್‌ಬಿಐ ಮತ್ತು ಬಹುತೇಕ ಕೇಂದ್ರದ ಕೆಲಸಗಳಿಗೆ ಅಮೆರಿಕದ ಪೌರತ್ವ ಬೇಕು. ಪೊಲೀಸ್ ಕೆಲಸಕ್ಕೂ ಅನೇಕ ರಾಜ್ಯಗಳಲ್ಲಿ ಹಾಗೆಯೇ. ಕ್ಯಾಲಿಫೋರ್ನಿಯಾ 2023ರಿಂದ ಕೆಲಸದ ಪರವಾನಗಿ ಇರುವವರಿಗೂ ಅವಕಾಶ ಕೊಟ್ಟಿದೆ, ಆದರೆ ಅದನ್ನು ನಂಬಿ ವಿದ್ಯಾರ್ಥಿ ವೀಸಾದಲ್ಲಿ ಹೋಗುವುದು ಜಾಣತನವಲ್ಲ. ಓದಿದ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ ಎಂಬ ಅನುಮತಿ 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ವಿಷಯವಾದರೆ ಇನ್ನೂ 24 ತಿಂಗಳು ಸಿಗಬಹುದು. ಫೊರೆನ್ಸಿಕ್ ಸೈನ್ಸ್, ಸೈಬರ್ ಫೊರೆನ್ಸಿಕ್ಸ್ ಆ ಪಟ್ಟಿಯಲ್ಲಿವೆ. ಸಾಮಾನ್ಯ ಕ್ರಿಮಿನಲ್ ಜಸ್ಟಿಸ್ ಇಲ್ಲ. ಹಾಗಾಗಿ ವೀಸಾದಲ್ಲಿರುವವರಿಗೆ ಸೈಬರ್ ಫೊರೆನ್ಸಿಕ್ಸ್ ಅಥವಾ ಸಂಶೋಧನೆಯ ದಾರಿಯೇ ಹೆಚ್ಚು ಸರಿ.

ಅಲ್ಲೇ ನೆಲೆಸಿರುವ ಕನ್ನಡದ ಮನೆಗಳ ಲೆಕ್ಕ ಬೇರೆ. ಅಮೆರಿಕದಲ್ಲಿ ಹುಟ್ಟಿದ ಮಗ ಮಗಳಿಗೆ ಪೌರತ್ವ ಇರುತ್ತದೆ. ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಇಲ್ಲದಿದ್ದರೂ ಮಕ್ಕಳು ಕೇಂದ್ರದ ನೆರವಿಗೆ ಫಾಫ್ಸಾ ಅರ್ಜಿ ಹಾಕಬಹುದು. ಎಚ್-4 ವೀಸಾದಲ್ಲಿರುವ (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಮೇಲೆ ಬಂದ) ಮಕ್ಕಳಿಗೆ ಆ ನೆರವು ಇಲ್ಲ. ಅವರಿಗೆ ರಾಜ್ಯದವರ ಶುಲ್ಕ ಸಿಗುತ್ತದಾ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ರಹಸ್ಯ ಮಾಹಿತಿ ನೋಡುವ ಅನುಮತಿ ಬೇಕಾದ ಕೆಲಸಗಳಿಗೆ ತುಂಬುವ ಉದ್ದದ ಅರ್ಜಿಯಲ್ಲಿ ವಿದೇಶದಲ್ಲಿರುವ ಹತ್ತಿರದ ಬಂಧುಗಳು, ಆಸ್ತಿ ಎಲ್ಲ ಬರೆಯಬೇಕು. ಊರಲ್ಲಿ ಬಂಧುಗಳಿದ್ದಾರೆ, ಹೆಸರಿಗೊಂದು ಸೈಟು ಇದೆ ಅಂದ ಮಾತ್ರಕ್ಕೆ ಕೆಲಸ ತಪ್ಪುವುದಿಲ್ಲ. ಮುಚ್ಚಿಟ್ಟರೆ ತಪ್ಪುತ್ತದೆ. ಗಾಂಜಾ ವಿಷಯದಲ್ಲೂ ಅಷ್ಟೇ. ರಾಜ್ಯದ ಕಾನೂನು ಒಪ್ಪಿದ್ದರೂ ಎಫ್‌ಬಿಐ ಅರ್ಜಿಗೆ ಹಿಂದಿನ ಒಂದು ವರ್ಷದಲ್ಲಿ ಸೇದಿರಬಾರದು. ಕಾಲೇಜು ಸೇರುವ ಮಕ್ಕಳಿಗೆ ಈ ಮಾತು ಮೊದಲೇ ಹೇಳಿಬಿಡಿ.

ಕ್ಯಾಂಪಸ್ಸಿಗೆ ಹೋದಾಗ

ಪ್ರವೇಶ ಕಚೇರಿಯವರು ನಗುನಗುತ್ತಾ ಮಾತಾಡುತ್ತಾರೆ, ಅದು ಅವರ ಕೆಲಸ. ನೀವು ಕ್ರಿಮಿನಲ್ ಜಸ್ಟಿಸ್ ವಿಭಾಗಕ್ಕೇ ಹೋಗಿ. ಕಳೆದ ವರ್ಷ ಮುಗಿಸಿದವರು ಎಲ್ಲೆಲ್ಲಿ ಕೆಲಸಕ್ಕಿದ್ದಾರೆ ಎಂದು ಕೇಳಿ. ಶೇಕಡಾ ಲೆಕ್ಕ ಬೇಡ, ಇಲಾಖೆಗಳ ಹೆಸರು ಹೇಳಲಿ. ಶೇ 90ರಷ್ಟು ಜನರಿಗೆ ಕೆಲಸ ಸಿಕ್ಕಿದೆ ಅಂದರೆ ಅದರಲ್ಲಿ ಮಾಲ್‌ನ ಸೆಕ್ಯೂರಿಟಿ ಕೆಲಸವೂ ಸೇರಿರಬಹುದು.

ಪಾಠದ ಪಟ್ಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್, ಸಂಶೋಧನಾ ವಿಧಾನ, ಕ್ರಿಮಿನಲ್ ಪ್ರೊಸೀಜರ್ (ಬಂಧನ, ವಿಚಾರಣೆಯ ಕಾನೂನು) ಕಡ್ಡಾಯವಾ ನೋಡಿ. ಈ ಮೂರೂ ಇಲ್ಲದ ಕೋರ್ಸು ಸಪ್ಪೆ. ಮೇಷ್ಟ್ರುಗಳಲ್ಲಿ ನಿವೃತ್ತ ಪೊಲೀಸರೂ ಇರಬೇಕು, ಸಂಶೋಧನೆ ಮಾಡಿದವರೂ ಇರಬೇಕು. ಬರೀ ಮೊದಲನೆಯವರಿದ್ದರೆ ಪಾಠ ಅನುಭವದ ಕಥೆಗಳಾಗುತ್ತದೆ, ಬರೀ ಎರಡನೆಯವರಿದ್ದರೆ ಠಾಣೆಯ ಗಾಳಿಯೇ ಬೀಸುವುದಿಲ್ಲ. ಇಂಟರ್ನ್‌ಶಿಪ್ ಕಾಲೇಜೇ ಕೊಡಿಸುತ್ತದಾ, ನೀವೇ ಹುಡುಕಬೇಕಾ? ಎಷ್ಟು ಗಂಟೆ? ಪಬ್ಲಿಕ್ ಡಿಫೆಂಡರ್ (ಬಡ ಆರೋಪಿಗಳಿಗೆ ಸರ್ಕಾರ ಕೊಡುವ ವಕೀಲರು) ಕಚೇರಿ, ಕೋರ್ಟು, ಲ್ಯಾಬು, ಸಂತ್ರಸ್ತರಿಗೆ ನೆರವಾಗುವ ಸಂಸ್ಥೆಗಳಲ್ಲೂ ಸಿಗುತ್ತದಾ, ಅಥವಾ ಠಾಣೆಯಲ್ಲಿ ಮಾತ್ರವಾ?

ಆಮೇಲೆ ಮನೆಗೆ ಬಂದು, ನೀವು ಸೇರಬೇಕೆಂದಿರುವ ಇಲಾಖೆಯ ನೇಮಕಾತಿ ವಿಭಾಗಕ್ಕೆ ಒಂದು ಇಮೇಲ್ ಬರೆಯಿರಿ. ಈ ಕಾಲೇಜಿನ ಈ ಡಿಗ್ರಿಯನ್ನು ನೀವು ಒಪ್ಪುತ್ತೀರಾ ಎಂದು ನೇರವಾಗಿ ಕೇಳಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ. ಬಹಳಷ್ಟು ಕಾಲೇಜುಗಳಿಗೆ ಸೀಟು ಕಾಯ್ದಿರಿಸುವ ಠೇವಣಿ ಕಟ್ಟಲು ಮೇ 1 ಕೊನೆಯ ದಿನ. ಆ ಇಮೇಲ್ ಮಾರ್ಚ್‌ನಲ್ಲೇ ಹೋಗಿರಲಿ.